ಆಫೀಸಿನ ಸಿಸ್ಟಮ್‌ಗಳನ್ನ ವಿಂಡೋಸ್ 11ಕ್ಕೆ ರೆಡಿ ಮಾಡ್ಕೊಟ್ಟ ಎಸ್‌ಪಿ ರೋಡ್ ಅಂಗಡಿ

ನಮ್ದು ರಾಜಾಜಿನಗರದಲ್ಲಿ ಚಿಕ್ಕ ಆಡಿಟರ್ ಆಫೀಸು, ಒಟ್ಟು ಏಳು ಸಿಸ್ಟಮ್ ಇದೆ, ಅಕೌಂಟ್ಸ್ ಜೊತೆಗೆ ಸಿಸ್ಟಮ್ ಕೆಟ್ರೆ ಯಾರನ್ನ ಕರೆಸ್ಬೇಕು ಅನ್ನೋದೂ ನನ್ನ ತಲೆಗೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನೋರು 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿಬಿಟ್ರು, ಆದ್ರೆ ಆಡಿಟ್ ಸೀಸನ್ನಲ್ಲಿ ನಮಗೆ ಊಟಕ್ಕೆ ಏಳೋಕೂ ಪುರುಸೊತ್ತಿರಲ್ಲ, ಆಗ ಸಿಸ್ಟಮ್ ಮುಟ್ಟೋ ಮಾತೇ ಇಲ್ಲ. ಸೀಸನ್ ಎಲ್ಲಾ ಮುಗಿಸ್ಕೊಂಡು ಆಮೇಲೆ ಈ ಅಂಗಡಿಯೋರ ಹತ್ರ ಮಾಡಿಸಿದ್ವಿ. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದೀನಿ, ಒಂದು ಯಾಕೆ ಕಮ್ಮಿ ಅಂತ ಕೆಳಗೆ ಹೇಳ್ತೀನಿ.

ಮೊದ್ಲೇ ಒಂದು ಹೇಳ್ಬೇಕು, ನನಗೆ ಈ ಅಪ್‌ಗ್ರೇಡ್ ಅಂದ್ರೇನೇ ಭಯ ಇತ್ತು. ಎರಡು ವರ್ಷದ ಹಿಂದೆ ಬೇರೆ ಯಾರನ್ನೋ ಕರೆಸಿದ್ವಿ, ಅವರು ನಮ್ಮ ಆಡಿಟರ್ ಸರ್ ಲ್ಯಾಪ್‌ಟಾಪ್‌ನ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರೋ ಸೆಟ್ಟಿಂಗ್) ಏನೋ ಚೇಂಜ್ ಮಾಡಿ ರೀಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಸ್ಕ್ರೀನ್ ಬಂದು ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ಕೇಳ್ತು, 48 ಅಂಕಿ. ಅದು ಯಾರ ಹತ್ರಾನೂ ಇರ್ಲಿಲ್ಲ, ಬಿಟ್‌ಲಾಕರ್ ಆನ್ ಆಗಿದೆ ಅಂತಾನೇ ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ಕೊನೆಗೆ ಫಾರ್ಮ್ಯಾಟ್ ಮಾಡ್ಬೇಕಾಯ್ತು, ಮೂರು ವರ್ಷದ ವರ್ಕಿಂಗ್ ಪೇಪರ್ಸ್ ಹೋಯ್ತು. ಸರ್ ಒಂದು ಮಾತೂ ಬೈಲಿಲ್ಲ, ಅದೇ ನನಗೆ ಜಾಸ್ತಿ ಸಂಕಟ ಆಗಿದ್ದು.

ಹಾಗಾಗಿ ಈ ಸಲ ಫೋನಲ್ಲಿ ಮಾತಾಡಿ ಮುಗಿಸೋ ಬದ್ಲು ನಾನೇ ಗ್ರೀನ್ ಲೈನ್ ಹತ್ತಿ ಚಿಕ್ಕಪೇಟೆಲಿ ಇಳಿದು ನಡ್ಕೊಂಡು ಹೋದೆ. ಎಸ್‌ಪಿ ರೋಡ್ ಗೊತ್ತಲ್ಲ, ಹೆಜ್ಜೆಗೊಬ್ರು "ಏನ್ ಬೇಕು ಮೇಡಂ, ಲ್ಯಾಪ್‌ಟಾಪಾ, ಪ್ರಿಂಟರಾ" ಅಂತ ಕೇಳ್ತಾನೇ ಇರ್ತಾರೆ. ಮೂರ್ನಾಲ್ಕು ಅಂಗಡಿಲಿ ಕೇಳ್ದೆ, ಎಲ್ರೂ "ಪೆನ್‌ಡ್ರೈವ್ ಹಾಕಿದ್ರೆ ಎರಡು ಗಂಟೆ ಕೆಲಸ ಮೇಡಂ" ಅಂದ್ರು. ಈ ಅಂಗಡಿಯೋರು ಮಾತ್ರ ರೇಟ್ ಹೇಳೋಕ್ ಮುಂಚೆ "ಒಂದ್ಸಲ ಬಂದು ನೋಡ್ತೀವಿ ಮೇಡಂ, ನೋಡ್ದೆ ನಾನು ಏನೂ ಹೇಳಲ್ಲ" ಅಂದ್ರು.

ಬಂದಿದ್ದು ಒಬ್ಬ ಹುಡುಗ, ಇಪ್ಪತ್ತೈದು ಇಪ್ಪತ್ತಾರು ವಯಸ್ಸು ಇರ್ಬೋದು. ಬಂದೋನು ಕೀಬೋರ್ಡ್ ಮುಟ್ಲಿಲ್ಲ, ಒಂದು ನೋಟ್‌ಬುಕ್ ತೆಗೆದು ಪ್ರತಿಯೊಂದು ಟೇಬಲ್ ಹತ್ರಾನೂ ನಿಂತು "ಈ ಸಿಸ್ಟಮ್ ನಾಳೆ ಆನೇ ಆಗ್ಲಿಲ್ಲ ಅಂದ್ರೆ ನಿಮ್ದು ಏನ್ ಕೆಲಸ ನಿಲ್ಲುತ್ತೆ ಮೇಡಂ" ಅಂತ ಕೇಳ್ದ. ಇಷ್ಟು ವರ್ಷದಲ್ಲಿ ನಮ್ಮನ್ನ ಯಾರೂ ಹಾಗೆ ಕೇಳಿರ್ಲಿಲ್ಲ. ಒಬ್ಬೊಬ್ರೇ ಹೇಳ್ತಾ ಹೋದಂಗೆ ನಮಗೇ ಗೊತ್ತಿಲ್ದೇ ಇರೋದೆಲ್ಲಾ ಹೊರಗೆ ಬಂತು, ಒಬ್ರು ಟ್ಯಾಲಿ ಡೇಟಾನ ಸಿ ಡ್ರೈವ್‌ನಲ್ಲೇ ಇಟ್ಕೊಂಡಿದ್ರು, ಇನ್ನೊಬ್ರ ಕ್ಲೈಂಟ್ ಫೈಲ್ ಎಲ್ಲಾ ಡೆಸ್ಕ್‌ಟಾಪ್ ಮೇಲೆ, ಔಟ್‌ಲುಕ್‌ನ ಹಳೇ ಮೇಲ್‌ಗಳ ಪಿಎಸ್‌ಟಿ ಫೈಲ್ ಎಲ್ಲಿದೆ ಅಂತ ಹುಡುಕೋಕೇ ಅರ್ಧ ಗಂಟೆ ಆಯ್ತು.

ಆಮೇಲೆ ಪಿಸಿ ಹೆಲ್ತ್ ಚೆಕ್ ಅನ್ನೋ ಮೈಕ್ರೋಸಾಫ್ಟ್ ಆಪ್ ಹಾಕಿ ಒಂದೊಂದೇ ನೋಡ್ದ. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲೆ ಇರ್ಬೇಕು, ಟಿಪಿಎಂ 2.0 (ಕೀಗಳನ್ನ ಕಾಯೋ ಸೆಕ್ಯೂರಿಟಿ ಭಾಗ) ಬೇಕು, ಸೆಕ್ಯೂರ್ ಬೂಟ್ (ಆನ್ ಆಗೋವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬಿಡೋದು) ಬರ್ಬೇಕು, ರ‍್ಯಾಮ್ 4 ಜಿಬಿ ಡಿಸ್ಕ್ 64 ಜಿಬಿ ಆದ್ರೂ ಇರ್ಬೇಕು. ನಮ್ಮ ಏಳರಲ್ಲಿ ನಾಲ್ಕು ಆಗುತ್ತೆ ಅಂದ. ಅದ್ರಲ್ಲೂ ಎರಡರಲ್ಲಿ ಟಿಪಿಎಂ ಇಲ್ಲ ಅಂತ ತೋರಿಸ್ತಿತ್ತು, ಆದ್ರೆ ನಿಜವಾಗ್ಲೂ ಇತ್ತು, ಬಯೋಸ್‌ನಲ್ಲಿ ಇಂಟೆಲ್ ಪಿಟಿಟಿ ಅಂತ ಬೇರೆ ಹೆಸರಲ್ಲಿ ಆಫ್ ಆಗಿತ್ತು ಅಷ್ಟೇ. ಇದು ಗೊತ್ತಿಲ್ದೇ ಎಷ್ಟು ಜನ ಚೆನ್ನಾಗಿರೋ ಸಿಸ್ಟಮ್‌ನ ಸ್ಕ್ರಾಪ್‌ಗೆ ಹಾಕ್ಬಿಟ್ಟಿರ್ತಾರೋ. ಇನ್ನೊಂದರಲ್ಲಿ ಡಿಸ್ಕ್ ಭಾಗ ಮಾಡಿರೋದು ಹಳೇ ಎಂಬಿಆರ್ ಸ್ಟೈಲಲ್ಲಿತ್ತು, ಬ್ಯಾಕಪ್ ತಗೊಂಡ ಮೇಲೆ ಡೇಟಾ ಅಳಿಸ್ದೇನೇ ಹೊಸ ಸ್ಟೈಲ್ ಜಿಪಿಟಿಗೆ ಕನ್ವರ್ಟ್ ಮಾಡ್ದ, ಅದಕ್ಕೆ ವಿಂಡೋಸ್ ಒಳಗೇ ಟೂಲ್ ಇದೆಯಂತೆ.

ಎರಡು ಆರನೇ ಜನರೇಷನ್ ಐ3 ಇತ್ತು. ಏನಾದ್ರೂ ಮಾಡಿ ಹಾಕ್ಬಿಡಪ್ಪ, ಎಲ್ರೂ ಹಾಕ್ತಾರಲ್ಲ ಅಂತ ನಾನೇ ಕೇಳ್ದೆ. "ಹಾಕ್ಬೋದು ಮೇಡಂ, ಬೈಪಾಸ್ ಇದೆ, ಆದ್ರೆ ಮುಂದೆ ಅಪ್‌ಡೇಟ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಮನೇಲಿ ಮಕ್ಕಳು ಯೂಸ್ ಮಾಡೋದಾದ್ರೆ ಹಾಕ್ಕೊಡ್ತಿದ್ದೆ, ನಿಮ್ಮಲ್ಲಿ ಜನರ ಪ್ಯಾನು ಬ್ಯಾಂಕ್ ಡೀಟೇಲ್ಸ್ ಎಲ್ಲಾ ಇದೆ" ಅಂದ. ಆಫೀಸುಗಳಿಗೆ ವಿಂಡೋಸ್ 10ಕ್ಕೇ ದುಡ್ಡು ಕಟ್ಟಿ ಸೆಕ್ಯೂರಿಟಿ ಅಪ್‌ಡೇಟ್ ತಗೊಳ್ಳೋ ದಾರೀನೂ ಇದೆ, ಮೊದಲ ವರ್ಷ ಒಂದು ಸಿಸ್ಟಮ್‌ಗೆ 61 ಡಾಲರ್, ಆಮೇಲೆ ವರ್ಷ ವರ್ಷ ಡಬಲ್ ಆಗುತ್ತೆ. ಹಳೇ ಐ3ಗೆ ಅಷ್ಟು ಸುರಿಯೋಕಿಂತ ಬೇರೆ ತಗೊಳ್ಳಿ ಅಂದ, ತಗೊಂಡ್ವಿ, ಅದನ್ನ ನಮ್ಮಂಗಡೀಲೇ ತಗೊಳ್ಳಿ ಅಂತ ಒಂದ್ಸಲಾನೂ ಒತ್ತಾಯ ಮಾಡ್ಲಿಲ್ಲ.

ಏಳನೇದು ಮೂಲೇಲಿರೋ ಹಳೇ ಸಿಸ್ಟಮ್, ಅದ್ರಲ್ಲಿ ಒಂದು ಡಾಸ್ ಕಾಲದ ಸಂಬಳದ ಪ್ರೋಗ್ರಾಂ ಇದೆ, ಹಳೇ ಕ್ಲೈಂಟ್ಸ್ ರೆಕಾರ್ಡ್ ನೋಡೋಕೆ ಬೇಕೇ ಬೇಕು. ಅದು 32 ಬಿಟ್ ವಿಂಡೋಸ್ 10. ವಿಂಡೋಸ್ 11 ಬರೀ 64 ಬಿಟ್ಟಲ್ಲೇ ಬರೋದು, ಅದ್ರಲ್ಲಿ ಹಳೇ 16 ಬಿಟ್ ಪ್ರೋಗ್ರಾಂ ಓಡೋದೇ ಇಲ್ಲ. ಅದನ್ನ ಹಾಗೇ ಬಿಟ್ಟು ಲ್ಯಾನ್ ಕೇಬಲ್ ಕಿತ್ತು, ಮೇಲೆ "ನೆಟ್ ಕೊಡಬೇಡಿ" ಅಂತ ಕನ್ನಡದಲ್ಲೇ ಬರೆದು ಅಂಟಿಸಿ ಹೋದ.

ಕೆಲಸಕ್ಕೆ ಶನಿವಾರ ಸಂಜೆ ಫಿಕ್ಸ್ ಮಾಡಿದ್ವಿ, 11ನೇ ತಾರೀಕು ಜಿಎಸ್‌ಟಿಆರ್ 1, 20ಕ್ಕೆ 3ಬಿ ರಿಟರ್ನ್ ಹಾಕೋ ಕೊನೇ ದಿನ, ಅದು ದಾಟಿದ ಮೇಲಿನ ಶನಿವಾರ. ಬಂದ ತಕ್ಷಣ ಮಾಡಿದ್ದು ಏನು ಗೊತ್ತಾ, ಎಲ್ಲಾ ಫೈಲ್ ಸೇವ್ ಮಾಡಿಸಿ ಮೇನ್ ಸ್ವಿಚ್ ಆಫ್ ಮಾಡ್ಬಿಟ್ಟ. ಎರಡು ಯುಪಿಎಸ್ ಟಕ್ ಅಂತ ಸತ್ತೋಯ್ತು, ಬ್ಯಾಟರಿ ಹೋಗಿದ್ದು ನಮಗೆ ಗೊತ್ತೇ ಇರ್ಲಿಲ್ಲ. ಅಪ್‌ಗ್ರೇಡ್ ಅರ್ಧದಲ್ಲಿದ್ದಾಗ ಕರೆಂಟ್ ಹೋಗಿದ್ರೆ ಕಥೆ ಏನು? ಬ್ಯಾಟರಿ ತಂದು ಹಾಕಿದ ಮೇಲೇನೇ ಮುಂದಿನ ಕೆಲಸ.

ಬ್ಯಾಕಪ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ ಯಾಕಂದ್ರೆ ನನಗೆ ಈ ಅಂಗಡಿ ಮೇಲೆ ನಂಬಿಕೆ ಬಂದಿದ್ದು ಅಲ್ಲೇ. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಹಾಕ್ದ, ಹಾಕಿ ಸುಮ್ನಾಗ್ಲಿಲ್ಲ, ಆ ಡಿಸ್ಕ್‌ನ ತನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿ "ನೀವೇ ಒಂದು ಫೈಲ್ ಹೇಳಿ ಮೇಡಂ, ಓಪನ್ ಮಾಡಿ ನೋಡೋಣ" ಅಂದ. ನಾನು ಒಂದು ಸಹಕಾರ ಸಂಘದ ಹಳೇ ಆಡಿಟ್ ರಿಪೋರ್ಟ್ ಹೇಳ್ದೆ. ಓಪನ್ ಆಯ್ತು, ಆದ್ರೆ ಒಂದಕ್ಷರ ಕನ್ನಡ ಇಲ್ಲ! ಪಿ, ತಲೆ ಮೇಲೆ ಗೀಟಿರೋ ಎ, ಆಮೇಲೆ ಪೌಂಡ್ ಗುರುತು, ಪುಟ ಪೂರ್ತಿ ಹಂಗೇ. ನನಗೆ ಎದೆ ಧಸಕ್ ಅಂತು. ಅವನು ಮೆತ್ತಗೆ "ಇದು ನುಡಿ ಫಾಂಟ್ ಮೇಡಂ, ಎಲ್ಲಾ ಸಿಸ್ಟಮಲ್ಲೂ ಕಾಣೋ ಯೂನಿಕೋಡ್ ಅಲ್ಲ, ನನ್ನ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇಲ್ಲ ಅಷ್ಟೇ, ಫೈಲ್ ಏನೂ ಆಗಿಲ್ಲ" ಅಂತ ಹೇಳಿ ನಮ್ಮ ಸಿಸ್ಟಮ್‌ನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟ್ ಎಲ್ಲಾ ಕಾಪಿ ಮಾಡಿ ತನ್ನದ್ರಲ್ಲಿ ಹಾಕ್ದ, ಅದೇ ಪುಟ ಕಣ್ಣೆದುರಿಗೇ ಕನ್ನಡ ಆಯ್ತು. ಆ ಫಾಂಟ್‌ಗಳನ್ನೂ ಬ್ಯಾಕಪ್ ಜೊತೆ ಬೇರೆ ಫೋಲ್ಡರ್ ಮಾಡಿ ಇಟ್ಟ. ಹೊಸ ಎರಡು ಸಿಸ್ಟಮ್‌ಗೆ ಅದು ಬೇಕೇ ಬೇಕಿತ್ತು, ಅವತ್ತು ಆ ಫೈಲ್ ತೆರೆದು ನೋಡ್ದೇ ಇದ್ದಿದ್ರೆ ಸೋಮವಾರ ನಮ್ಮ ಹದಿನೈದು ವರ್ಷದ ರಿಪೋರ್ಟುಗಳೆಲ್ಲಾ ಹೋಯ್ತು ಅಂತ ಅತ್ತುಬಿಡ್ತಿದ್ವಿ.

ಇನ್ನೂ ಒಂದೆರಡು. ಬದಲಾಯಿಸೋ ಸಿಸ್ಟಮ್‌ನಲ್ಲಿ ಟ್ಯಾಲಿ ಲೈಸೆನ್ಸ್ ಇತ್ತು, ಅದನ್ನ ಮೊದಲು ಸರೆಂಡರ್ ಮಾಡಿಸ್ದ (ಹಳೇ ಸಿಸ್ಟಮ್‌ನಿಂದ ಬಿಡಿಸೋದು), ಇಲ್ಲಾಂದ್ರೆ ಹೊಸದ್ರಲ್ಲಿ ಆಕ್ಟಿವೇಟ್ ಮಾಡೋಕೆ ಒದ್ದಾಡ್ಬೇಕು. ಸರ್ ಲ್ಯಾಪ್‌ಟಾಪ್‌ನಲ್ಲಿ ಬಯೋಸ್‌ಗೆ ಹೋಗೋಕ್ ಮುಂಚೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಆ 48 ಅಂಕಿ ಕೀ ಪ್ರಿಂಟ್ ತೆಗೆದು ಲಕೋಟೆಲಿ ಹಾಕಿ ನನ್ನ ಕೈಗೆ ಕೊಟ್ಟ. ನಾನೇನೂ ಕೇಳಿರ್ಲಿಲ್ಲ. ಲಕೋಟೆ ಈಗ ಬೀರುಲಿದೆ. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಡ್ರೈವರು, ಜಿಎಸ್‌ಟಿ ಪೋರ್ಟಲ್‌ದು ಸಹಿ ಹಾಕೋ ಎಮ್‌ಸೈನರು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಡ್ರೈವರು ಎಲ್ಲಾ ಮೊದ್ಲೇ ಇಳಿಸಿ ಇಟ್ಕೊಂಡಿದ್ದ. ಅಪ್‌ಗ್ರೇಡ್ ಅಂತೂ ರಾತ್ರಿ ಹತ್ತೂವರೆಗೆಲ್ಲಾ ಮುಗೀತು, ಅದ್ರ ಬಗ್ಗೆ ಹೇಳೋಕೇನೂ ಇಲ್ಲ.

ಈಗ ಆ ಕಮ್ಮಿ ಮಾಡಿದ ಸ್ಟಾರು. ಸೋಮವಾರ ಬೆಳಗ್ಗೆ ಬಂದು ನೋಡಿದ್ರೆ ಮೇನ್ ಸಿಸ್ಟಮ್‌ನ ಶೇರ್ಡ್ ಫೋಲ್ಡರ್ ಯಾವುದ್ರಿಂದಾನೂ ಓಪನ್ ಆಗ್ತಿಲ್ಲ, ಶೇರ್ ಮಾಡಿದ್ದ ಪ್ರಿಂಟರೂ ಇಲ್ಲ. ನಾವು ಮೊದಲಿಂದ ಪಾಸ್‌ವರ್ಡ್ ಇಲ್ದೇ ಶೇರ್ ಮಾಡ್ಕೊಂಡಿದ್ವಿ, ವಿಂಡೋಸ್ 11 ಪ್ರೋದ 24ಎಚ್2 ವರ್ಷನ್‌ನಲ್ಲಿ ಹಾಗೆ ಗೆಸ್ಟ್ ಆಗಿ ಒಳಗೆ ಹೋಗೋಕೆ ಬಿಡಲ್ಲ. ಇಷ್ಟೆಲ್ಲಾ ಕೇಳ್ಕೊಂಡೋನು ಇದನ್ನೂ ಮೊದ್ಲೇ ನೋಡ್ಬೇಕಿತ್ತು, ನಮಗೆ ಮಧ್ಯಾಹ್ನ ಎರಡರ ತನಕ ಕೆಲಸ ನಿಂತೋಯ್ತು, ಇಬ್ರು ಕ್ಲೈಂಟ್ಸ್ ಕಾದು ವಾಪಸ್ ಹೋದ್ರು. ಫೋನ್ ಮಾಡಿದ್ರೆ ಮೊದಲ ಎರಡು ಸಲ ಎತ್ತಲೂ ಇಲ್ಲ. ಬಂದ ಮೇಲೆ ಪ್ರತಿಯೊಬ್ರಿಗೂ ಯೂಸರ್ ಪಾಸ್‌ವರ್ಡ್ ಮಾಡಿ ಸರಿ ಮಾಡ್ದ, ತಪ್ಪಾಯ್ತು ಮೇಡಂ ಅಂತಾನೂ ಹೇಳ್ದ, ಅದಕ್ಕೆ ದುಡ್ಡು ತಗೊಳ್ಲಿಲ್ಲ. ಆದ್ರೂ ಆ ಅರ್ಧ ದಿನ ನಮ್ದು ಹೋಗಿದ್ದು ಹೋಗಿದ್ದೇ. ನೀವು ಮಾಡಿಸೋದಾದ್ರೆ ಶೇರಿಂಗ್ ಬಗ್ಗೆ ನೀವೇ ಮೊದಲು ಬಾಯಿಬಿಟ್ಟು ಹೇಳಿ. ಬಿಲ್ಲಲ್ಲೂ ಯುಪಿಎಸ್ ಬ್ಯಾಟರಿ ಹಾಕಿದ ಕೂಲಿ ಬೇರೆ ಸೇರಿತ್ತು, ಕೇಳಿದ ಮೇಲೆ ತೆಗೆದ್ರು.

ಹಳೇದಕ್ಕೆ ವಾಪಸ್ ಹೋಗೋಕೆ ಹತ್ತು ದಿನ ಟೈಮ್ ಇರುತ್ತೆ, ಅಲ್ಲೀವರೆಗೂ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಡಿಲೀಟ್ ಮಾಡ್ಬೇಡಿ, ಜಾಗ ತಿನ್ನುತ್ತೆ ಅಂತ ಯಾರು ಹೇಳಿದ್ರೂ ಕೇಳ್ಬೇಡಿ ಅಂದಿದ್ದ. ಒಂಬತ್ತನೇ ದಿನ ಅವನೇ ಫೋನ್ ಮಾಡಿ "ಟ್ಯಾಲಿ, ಡಿಎಸ್‌ಸಿ, ನುಡಿ, ಪ್ರಿಂಟರ್ ನಾಲ್ಕೂ ಸರಿ ಇದೆಯಾ ಮೇಡಂ" ಅಂತ ಕೇಳ್ದ. ಒಬ್ಬೊಬ್ರ ಹತ್ರಾನೂ ಹೋಗಿ ಕೇಳ್ಕೊಂಡು ಬಂದು, ಸರಿ ಇದೆ ಅಂತ ಹೇಳ್ದೆ.