ಗುಡ್ಡದ ಮೇಲಿನ ಲಾಡ್ಜ್: ಜಾಗ ಬಹಳ ಚೆನ್ನಾಗಿದೆ, ಬಾತ್‌ರೂಮ್ ಬಾಗಿಲು 24 ಇಂಚು

ನಾನು ವೀಲ್‌ಚೇರ್ ಬಳಸುವವನು. ಊರು ದಾವಣಗೆರೆ. ಚಿತ್ರದುರ್ಗದ ಹೊರಗೆ ಗುಡ್ಡದ ಮೇಲಿರುವ ಈ ಲಾಡ್ಜ್‌ಗೆ ತಮ್ಮನ ಜೊತೆ ಹೋಗಿದ್ದೆ. ವೀಲ್‌ಚೇರಿನಲ್ಲಿ ಬರುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಫೋನಿನಲ್ಲಿ ಕೇಳಿದಾಗ "ಎಲ್ಲಾ ನೆಲಮಟ್ಟದ ರೂಮೇ ಸಾರ್, ಆರಾಮಾಗಿ ಬನ್ನಿ" ಅಂದರು. ನೆಲಮಟ್ಟ ಅನ್ನೋದು ನಿಜ. ಆದರೆ ಅಂಗಳದಿಂದ ಜಗಲಿಗೆ ಒಂದು ಮೆಟ್ಟಿಲು, ಜಗಲಿಯಿಂದ ರೂಮಿಗೆ ಹೊಸ್ತಿಲು, ರೂಮಿನಿಂದ ಬಾತ್‌ರೂಮಿಗೆ ಇನ್ನೊಂದು ಹೊಸ್ತಿಲು. ನಡೆಯುವವರಿಗೆ ಇವು ಕಣ್ಣಿಗೇ ಬೀಳುವುದಿಲ್ಲ. ಮೆಟ್ಟಿಲು 6 ಇಂಚು ಇದೆ. ವೀಲ್‌ಚೇರ್ ಹತ್ತುವ ಇಳಿಜಾರಿಗೆ 1 ಇಂಚು ಎತ್ತರಕ್ಕೆ 12 ಇಂಚು ಉದ್ದ ಅನ್ನೋದು ಲೆಕ್ಕ, ಅಂದರೆ ಇಲ್ಲಿ 6 ಅಡಿ ರ‍್ಯಾಂಪ್ ಬೇಕು. ಅವರು ಇಟ್ಟಿದ್ದು 2 ಅಡಿ ಹಲಗೆ. ಅದರ ಮೇಲೆ ಒಬ್ಬನೇ ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಕೆಲಸದ ಹುಡುಗರು ಇಬ್ಬರು ಬಂದು ಕುರ್ಚಿ ಸಮೇತ ಎತ್ತಿದರು. ತುಂಬಾ ಒಳ್ಳೆಯ ಹುಡುಗರು. ಎಲ್ಲಿ ಹಿಡಿಯಬೇಕು ಅಂತ ಕೇಳಿ ಹಿಡಿದರು. ಫುಟ್‌ರೆಸ್ಟ್ ಹಿಡಿದರೆ ಅದು ಕೈಗೇ ಕಿತ್ತು ಬರುತ್ತೆ, ಫ್ರೇಮ್ ಹಿಡಿಯಬೇಕು ಅನ್ನೋದು ಎಷ್ಟೋ ದೊಡ್ಡ ಹೋಟೆಲಿನವರಿಗೂ ಗೊತ್ತಿರಲ್ಲ. ಅವರ ಮೇಲೆ ನನ್ನ ದೂರು ಏನೂ ಇಲ್ಲ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಂಗಳಕ್ಕೆ ಇಳಿದು ಸುಮ್ನೆ ಗಾಳಿಗೆ ಕೂರಬೇಕು ಅನ್ನಿಸಿದರೆ ಯಾರನ್ನ ಎಬ್ಬಿಸಲಿ? ದುಡ್ಡು ಕೊಟ್ಟು ಗುಡ್ಡದ ಮೇಲೆ ಬರೋದು ಅದಕ್ಕೇ ಅಲ್ವಾ?

ಬಾತ್‌ರೂಮ್ ಕಥೆ ಇನ್ನೂ ಕಷ್ಟ. ಬಾಗಿಲು 24 ಇಂಚು, ನನ್ನ ಕುರ್ಚಿ 26. ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿಗೆ ಬದಲಾಯಿಸಿಕೊಂಡು, ತಮ್ಮ ಅದನ್ನ ಒಳಗೆ ಎಳೆಯಬೇಕಾಯಿತು. ಒದ್ದೆ ಕಡಪ ಕಲ್ಲಿನ ಮೇಲೆ ಅದರ ಕಾಲು ಜಾರುತ್ತದೆ. ಕಮೋಡ್ ಇದೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿ ಕೂಡ ಇಲ್ಲ. ಒಬ್ಬರೇ ಬರುವವರು ದಯವಿಟ್ಟು ಈಗಲೇ ಬುಕ್ ಮಾಡಬೇಡಿ.

ಚೆನ್ನಾಗಿರುವುದೂ ಜಾಸ್ತಿ ಇದೆ. ಮಂಚದ ಎತ್ತರ ಕುರ್ಚಿಯ ಸೀಟಿಗೆ ಸರಿಸಮ, ಹತ್ತಿ ಇಳಿಯೋದು ಸಲೀಸು. ಅಂಗಳಕ್ಕೆ ಗರಸು ಹಾಕಿ ಗಟ್ಟಿಯಾಗಿ ಬಡಿದಿದ್ದಾರೆ, ಯಾರೂ ತಳ್ಳದೆ ಬೇಲಿ ತನಕ ನಾನೇ ಓಡಾಡಿದೆ. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಊಟದ ಮನೆಗೆ ಹೋಗುವ ದಾರಿಗೆ ಮಾತ್ರ ಸಡಿಲ ಜಲ್ಲಿ ಸುರಿದಿದ್ದಾರೆ, ಮುಂದಿನ ಸಣ್ಣ ಚಕ್ರ ಹೂತುಬಿಡುತ್ತೆ. ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಎಳೆಸಿಕೊಂಡರೆ ದಾಟಬಹುದು. ಎರಡನೇ ಹೊತ್ತಿನಿಂದ ಅವರೇ ಜಗಲಿಗೆ ಊಟ ತಂದುಕೊಟ್ಟರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿ ಒಂದೊಂದೇ ಬಿಸಿಬಿಸಿ ಬರುತ್ತಿತ್ತು. ಸ್ನಾನಕ್ಕೆ ಸೌದೆ ಒಲೆಯ ಹಂಡೆ ನೀರು.

ಸುತ್ತಾಡಲು ಜೋಗಿಮಟ್ಟಿ ಒಳ್ಳೆಯದು, ಗುಡ್ಡದ ಮೇಲಕ್ಕೆ ಕಾರು ಹೋಗುವ ರಸ್ತೆ ಇದೆ. ಅದು 2015ರಿಂದ ವನ್ಯಧಾಮ, ಹಾಗಾಗಿ ಅರಣ್ಯ ಇಲಾಖೆಯವರ ಹತ್ತಿರ ಸಮಯ, ಅನುಮತಿ ವಿಚಾರಿಸಿಕೊಂಡು ಹೋಗಿ. ಏಳು ಸುತ್ತಿನ ಕೋಟೆ ನಮ್ಮಂಥವರಿಗೆ ಕೆಳಗಿನಿಂದಲೇ ನೋಡುವಂಥದ್ದು, ಮೇಲಕ್ಕೆಲ್ಲಾ ಬಂಡೆ, ಮೆಟ್ಟಿಲು. ಅದಕ್ಕೆ ನನಗೆ ಬೇಜಾರಿಲ್ಲ. ಕೋಟೆ ಕಟ್ಟಿದ್ದೇ ಹೊರಗಿನವರು ಸುಲಭವಾಗಿ ಒಳಗೆ ಬರಬಾರದು ಅಂತ. ಲಾಡ್ಜ್ ಕಟ್ಟಿರೋದು ಜನ ಬರಲಿ ಅಂತ. ಖಾಸಗಿಯವರ ಸೇವೆಯೂ ನಮ್ಮ ಕೈಗೆಟುಕುವಂತಿರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ.

ಇಳಿಜಾರು, ಕಂಬಿ ಎಲ್ಲಾ ಹಾಕಿದರೆ ಹಳ್ಳಿ ಮನೆಯ ಅಂದ ಕೆಡುತ್ತೆ ಅಂತ ಮಾಲೀಕರು ಅಂದರು. ನಾನು ಒಪ್ಪಲ್ಲ. ಜಗಲಿ ಪಕ್ಕ ಅದೇ ಗರಸಿನಲ್ಲಿ 6 ಅಡಿ ಇಳಿಜಾರು ಮಾಡಿದರೆ ಅದು ಅಂಗಳದ ಭಾಗವಾಗೇ ಕಾಣುತ್ತೆ. ಒಂದೇ ಒಂದು ರೂಮಿನ ಬಾತ್‌ರೂಮಿಗೆ 3 ಅಡಿ ಬಾಗಿಲು, ಗೋಡೆಗೆ ಎರಡು ಕಂಬಿ. ಇಷ್ಟೇ ಕೇಳಿ ಬಂದಿದ್ದೇನೆ, ಮಳೆಗಾಲದೊಳಗೆ ಮಾಡಿಸ್ತೀನಿ ಅಂದಿದ್ದಾರೆ.

ಸದ್ಯಕ್ಕೆ 5ಕ್ಕೆ 3. ಜೊತೆಗೆ ಒಬ್ಬರು ಇದ್ದರೆ ಹೋಗಿ, ರೊಟ್ಟಿ ತಪ್ಪಿಸಿಕೊಳ್ಳಬೇಡಿ. ಬುಕ್ ಮಾಡುವ ಮುಂಚೆ "ವೀಲ್‌ಚೇರ್ ಬರುತ್ತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಬಾತ್‌ರೂಮ್ ಬಾಗಿಲಿಗೆ ಟೇಪ್ ಹಿಡಿದು ಫೋಟೋ ಕಳಿಸಿ ಅನ್ನಿ.