ಇಂಗಿನ ಡಬ್ಬಿಯಲ್ಲಿ ಡೆಲ್ಫಿನಿಯಂ ಬೀಜ ಇಟ್ಟವನ ಕಥೆ

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಆಗದೆ ಉಳಿದದ್ದು ನನ್ನ ಜಾಗ್ರತೆಯಿಂದಲ್ಲ, ನಮ್ಮ ಅತ್ತೆಯವರ ಮೂಗಿನಿಂದ.

ನಾವಿರುವುದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಒಂದು ಹಳ್ಳಿಯಲ್ಲಿ. ಬಾಡಿಗೆಯ ಹಳೆಯ ಕಲ್ಲುಮನೆ, ಮುಂದೆ ಅಂಗೈಯಗಲದ ತೋಟ. ಇಲ್ಲಿ ಇಂಥ ಮನೆಗಳ ಮುಂದೆ ಜೂನ್ ತಿಂಗಳಲ್ಲಿ ಆಳೆತ್ತರಕ್ಕೆ ನಿಲ್ಲುವ ನೀಲಿ ಡೆಲ್ಫಿನಿಯಂ ಹೂಗೊಂಚಲುಗಳನ್ನು ಕಂಡವರಿಗೆ ನನ್ನ ಹುಚ್ಚು ಅರ್ಥವಾದೀತು. ಗಿಡ ಕೊಳ್ಳುವುದು ದುಬಾರಿ ಎಂದು ಬೀಜ ಹಾಕಲು ಹೊರಟೆ.

ಮೊದಲ ವರ್ಷ ಅಂಗಡಿಯಿಂದ ಪೊಟ್ಟಣ ತಂದು, ಮೆಣಸಿನ ಸಸಿಗೆ ಮಾಡುವ ಹಾಗೆ ಹೀಟರಿನ ಮೇಲಿನ ಕಿಟಕಿಯಲ್ಲಿ ಟ್ರೇ ಇಟ್ಟೆ. ಒಂದೂ ಮೊಳೆಯಲಿಲ್ಲ. ಈ ಬೀಜಕ್ಕೆ ಬೆಚ್ಚಗಿನ ಜಾಗವೇ ಆಗಿಬರುವುದಿಲ್ಲ. 12ರಿಂದ 15 ಡಿಗ್ರಿ ಇದ್ದರೆ ಬೇಕಾದಷ್ಟಾಯಿತು. ಬಿತ್ತುವ ಮೊದಲೂ ಅಷ್ಟೇ, ಕೋಣೆಯ ಬಿಸಿಯಲ್ಲಿ ಬಿಟ್ಟರೆ ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ಇದನ್ನೆಲ್ಲ ಹೇಳಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ಆಗಸ್ಟಿನಲ್ಲಿ ತಮ್ಮ ಗಿಡದ ಒಣಕಾಯಿಗಳನ್ನು ಕೊಡವಿ, ಬೀಜವನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು, ಮಾರ್ಚಿನಲ್ಲಿ ಬಿತ್ತು ಎಂದರು.

ಗಾಳಿಯಾಡದ ಡಬ್ಬಿ ಎಂದೊಡನೆ ನನ್ನ ಕೈಗೆ ಸಿಕ್ಕಿದ್ದು ಖಾಲಿಯಾದ ಇಂಗಿನ ಡಬ್ಬಿ. ನಮ್ಮವರ ಮನೆಯಲ್ಲಿ ಅದನ್ನು ಎಸೆಯುವ ಪದ್ಧತಿ ಎಲ್ಲಿದೆ? ಬೀಜ ಸುರಿದು, ಮುಚ್ಚಳ ಬಿಗಿದು, ಫ್ರಿಜ್ಜಿನ ಬಾಗಿಲಿನ ತಟ್ಟೆಯಲ್ಲಿ ಒಣಕೊಬ್ಬರಿಯ ಪಕ್ಕ ಇಟ್ಟೆ. ಚೀಟಿ ಅಂಟಿಸಲಿಲ್ಲ. ನನಗೆ ಗೊತ್ತಿತ್ತಲ್ಲ!

ಜನವರಿಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಸಾಗರದಿಂದ ಅತ್ತೆ ಬಂದರು. ಬರುವಾಗ ಹಿಪ್ಪಲಿ, ಓಮ, ಶುಂಠಿ ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದರು. ಮೂರನೆಯ ವಾರಕ್ಕೆ ಕಷಾಯದ ಕರಿಜೀರಿಗೆ ಮುಗಿಯಿತು. ಕೃಷ್ಣಜೀರಿಗೆ, ಕಲೌಂಜಿ ಎನ್ನುತ್ತಾರಲ್ಲ, ಅದು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ನನ್ನ ಹೆಂಡತಿ ಮಂಪರಿನಲ್ಲೇ, "ಫ್ರಿಜ್ಜಿನಲ್ಲಿ ಏನೋ ಕಪ್ಪಗೆ ಇದ್ದ ಹಾಗಿತ್ತು, ನೋಡಮ್ಮ" ಎಂದಳಂತೆ.

ನಾನು ಅಡುಗೆಮನೆಗೆ ಬಂದಾಗ ಒಲೆಯ ಮೇಲೆ ಚಿಕ್ಕ ಬಾಣಲೆ, ಅದರಲ್ಲಿ ಒಂದು ಚಮಚದಷ್ಟು ಕಪ್ಪು ಕಾಳು. ಅತ್ತೆ ಸೌಟಿನಿಂದ ಒಂದಿಷ್ಟನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಮೂಗಿಗೆ ಹಿಡಿದು, ಮತ್ತೆ ಉಜ್ಜುತ್ತಿದ್ದರು.

"ಇದೆಂಥ ಕರಿಜೀರಿಗೆ ತಂದಿದ್ದೀರಿ? ಹುರಿದರೂ ಘಮ ಇಲ್ಲ. ಬರೀ ಇಂಗಿನ ವಾಸನೆ."

ನನ್ನ ಕೈಕಾಲು ತಣ್ಣಗಾಯಿತು. ಒಲೆ ಆರಿಸಿ, ಬಾಯಿಗೆ ಹಾಕಿಕೊಂಡಿರಾ ಎಂದು ಕೇಳಿದೆ. "ಎರಡು ಕಾಳು ಅಗಿದು ನೋಡಿದೆ. ಕಹಿ. ಉಗಿದೆ" ಎಂದರು. ಬಾಯಿ ಮುಕ್ಕಳಿಸಲು ಹೇಳಿ, ಇಲ್ಲಿನ ಆರೋಗ್ಯ ಸಲಹೆಯ ಸಂಖ್ಯೆ 111ಕ್ಕೆ ಫೋನ್ ಮಾಡಿದೆ. ಗಿಡದ ಹೆಸರು, ಎಷ್ಟು ಕಾಳು, ನುಂಗಿದರೇ, ವಯಸ್ಸೆಷ್ಟು ಎಂದೆಲ್ಲ ವಿಚಾರಿಸಿ, ವಾಂತಿಯಾದರೆ, ಬಾಯಿ ಮರಗಟ್ಟಿದರೆ, ಉಸಿರು ಕಷ್ಟವಾದರೆ ಕಾಯದೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಎಂದರು. ಆ ಸಂಜೆಯವರೆಗೆ ನಾನು ಅತ್ತೆಯವರನ್ನು ಎಷ್ಟು ಸಲ ಹೇಗಿದ್ದೀರಿ ಎಂದು ಕೇಳಿದೆನೆಂದರೆ, ಕೊನೆಗೆ ಅವರಿಗೇ ಸಿಟ್ಟು ಬಂತು.

ಆಮೇಲೆ ಅಂಗಡಿಯ ಕರಿಜೀರಿಗೆಯನ್ನೂ ಈ ಬೀಜವನ್ನೂ ಬಿಳಿ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಪುಟ್ಟವು, ಮೂಲೆಮೂಲೆಯಾದವು. ಡೆಲ್ಫಿನಿಯಂ ಕೊಂಚ ಕಂದು, ಅಂಚಿನಲ್ಲಿ ಕಾಗದದಂಥ ತೆಳ್ಳನೆಯ ಪೊರೆ. ಕನ್ನಡಕವಿಲ್ಲದೆ, ಅಡುಗೆಮನೆಯ ಬೆಳಕಿನಲ್ಲಿ, ವ್ಯತ್ಯಾಸ ಹೇಳುವುದು ನನ್ನಿಂದಲೂ ಆಗದು. ಹೋಲಿಕೆಗೆ ಕಾರಣವಿಲ್ಲದೆ ಇಲ್ಲ: ಎರಡೂ ರನನ್ಕ್ಯುಲೇಸಿಯೇ ಎಂಬ ಒಂದೇ ಕುಟುಂಬದವು. ನಮ್ಮ ಆಯುರ್ವೇದದಲ್ಲಿ ಶುದ್ಧಿ ಮಾಡದೆ ಮುಟ್ಟದ ವತ್ಸನಾಭಿಯೂ ಅದೇ ಕುಟುಂಬದ್ದು. ಡೆಲ್ಫಿನಿಯಂ ಗಿಡದ ಬೇರಿನಿಂದ ಬೀಜದವರೆಗೆ ಎಲ್ಲವೂ ವಿಷ. ಎಳೆಯ ಗಿಡ ಮತ್ತು ಬೀಜದಲ್ಲಿ ಅದು ಹೆಚ್ಚು. ಅದರಲ್ಲಿರುವ ಆಲ್ಕಲಾಯ್ಡ್ ಎಂಬ ವಿಷವಸ್ತುಗಳು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತವೆ. ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಇದರ ಕಾಡುಜಾತಿಗಳನ್ನು ಮೇಯ್ದು ದನಗಳು ಸಾಯುವುದು ಅಲ್ಲಿನ ದನಗಾಹಿಗಳಿಗೆ ಹಳೆಯ ತಲೆನೋವು. ಅಂಥದ್ದರ ಕಷಾಯ ಹಸಿ ಬಾಣಂತಿಗೆ!

ಬೆಂಗಳೂರಿನಲ್ಲಿ ಚಳಿಗಾಲಕ್ಕೆ ಲಾರ್ಕ್‌ಸ್ಪರ್ ಹೂವಿನ ಬೀಜ ಬಿತ್ತುವವರೂ ಕೇಳಿ. ಅದು ಇದರ ಹತ್ತಿರದ ಬಂಧು, ಅದರ ಬೀಜವೂ ವಿಷವೇ. ಹೂವಿನ ಬೀಜ ಅಂಗಡಿಯ ಪೊಟ್ಟಣದಲ್ಲೇ ಇರಲಿ. ಫ್ರಿಜ್ಜಿನಲ್ಲೇ ಇಡಬೇಕಾದರೆ ಹೆಸರು, ತಾರೀಕು, ಕೆಂಪು ಶಾಯಿಯಲ್ಲಿ "ವಿಷ" ಎಂದು ಕನ್ನಡದಲ್ಲಿ ಬರೆದು, ತಿನ್ನುವ ವಸ್ತುವಿನ ಡಬ್ಬಿಯಲ್ಲದ ಬೇರೆಯದರಲ್ಲಿ ಹಾಕಿ ಇಡಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ನಮ್ಮ ಅತ್ತೆ ಓದುತ್ತಿರಲಿಲ್ಲ. ಮನೆಯವರಿಗೆಲ್ಲ ತಿಳಿಸಿ, ಊರಿನಿಂದ ಬಂದವರಿಗೂ.

ಉಳಿದ ಬೀಜವನ್ನು ಮಾರ್ಚಿನಲ್ಲಿ, ಹೀಟರ್ ಇಲ್ಲದ ಮುಂಬಾಗಿಲ ಪಡಸಾಲೆಯಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಬಿತ್ತಿದೆ. ಮೂರನೆಯ ವಾರ ನಲವತ್ತರಷ್ಟು ಮೊಳೆತವು. ಮೇ ತಿಂಗಳಲ್ಲಿ ನೆಲಕ್ಕೆ ಇಳಿಸಿದ ಮೊದಲ ಮಳೆರಾತ್ರಿಯೇ ಸ್ಲಗ್ ಎಂಬ ಚಿಪ್ಪಿಲ್ಲದ ಬಸವನಹುಳುಗಳು ಬಂದು ಬೋಳಿಸಿಹಾಕಿದವು. ನಮ್ಮನ್ನು ಕೊಲ್ಲಬಲ್ಲ ಎಲೆ ಅವಕ್ಕೆ ಹಬ್ಬದೂಟ. ಸ್ಲಗ್ ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಇಲ್ಲಿ 2022ರ ವಸಂತದಿಂದ ನಿಷೇಧಿಸಿದ್ದಾರೆ, ಒಳ್ಳೆಯದೇ ಆಯಿತು. ಟಾರ್ಚ್ ಹಿಡಿದು ಕೈಯಿಂದ ಆರಿಸಿದೆ. ಆರು ಗಿಡ ಉಳಿದವು.

ಮರುವರ್ಷ ಜೂನಿನಲ್ಲಿ ಅವು ಹೂಬಿಟ್ಟಾಗ ಮಗಳು ಗೋಡೆ ಹಿಡಿಯದೆ ನಡೆಯುತ್ತಿದ್ದಳು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದಳು. ಗಿಡಗಳ ಸುತ್ತ ಮೊಣಕಾಲೆತ್ತರದ ತಂತಿಬೇಲಿ ಹಾಕಿದ್ದೇನೆ. ಹೂ ಬಾಡಿದ ದಿನವೇ ಗೊಂಚಲನ್ನು ಕತ್ತರಿಸಿಬಿಡುತ್ತೇನೆ, ಕಾಯಿ ಕಟ್ಟಲು ಬಿಡುವುದಿಲ್ಲ. ಹಾಗೆ ಕತ್ತರಿಸಿದರೆ ಬೇಸಿಗೆಯ ಕೊನೆಗೆ ಇನ್ನೊಮ್ಮೆ ಚಿಕ್ಕದಾಗಿ ಹೂ ಬರುತ್ತದೆ ಎನ್ನುವುದು ಅಜ್ಜಿಯ ಮಾತು. ಬಂತು ಕೂಡ, ಎರಡು ಗಿಡದಲ್ಲಿ.