ಶಾಲೆಯ ಲ್ಯಾಬಿಗೆ ಸಾಂಬಾ: ಎರಡು ಮಳೆಗಾಲ ಬಳಸಿದ ಮೇಲೆ

ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟಗಳ ನಡುವೆ ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲು. ಲ್ಯಾಬಿನಲ್ಲಿ 18 ಕಂಪ್ಯೂಟರ್, ಮೂರು ತರಗತಿ ಸೇರಿ 112 ಮಕ್ಕಳು, ಕಲಿಸಲು ನಾನೊಬ್ಬಳೇ. ಒಂದು ಪೀರಿಯಡ್ಡಿಗೆ 40 ನಿಮಿಷ. ಮೊದಲೆಲ್ಲ ಅದರಲ್ಲಿ ಹತ್ತು ಹದಿನೈದು ನಿಮಿಷ ರಿಪೇರಿಗೇ ಹೋಗುತ್ತಿತ್ತು. ಒಂದರಲ್ಲಿ ಕನ್ನಡ ಕೀಬೋರ್ಡ್ ಮಾಯ. ಇನ್ನೊಂದರಲ್ಲಿ ಬ್ರೌಸರ್ ತೆರೆದರೆ ಯಾವುದೋ ಜಾಹೀರಾತಿನ ಪುಟ. ಮತ್ತೊಂದರಲ್ಲಿ ಪೆನ್‌ಡ್ರೈವಿನಿಂದ ಬಂದ ವೈರಸ್ಸು ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಟ್ಟಿರುತ್ತಿತ್ತು. ಶನಿವಾರ ಮಧ್ಯಾಹ್ನ ಕೂತು ಎಲ್ಲ ಸರಿ ಮಾಡಿದರೂ ಬುಧವಾರದ ಹೊತ್ತಿಗೆ ಮತ್ತೆ ಅದೇ ಕತೆ.

2024ರ ಮಾರಿಕಾಂಬಾ ಜಾತ್ರೆ ಮುಗಿದು ಬೇಸಿಗೆ ರಜೆ ಬಂದಾಗ ಸಾಂಬಾ ಹಾಕಿದೆ. ಇದು ಯಾರು ಬೇಕಾದರೂ ಬಳಸಬಹುದಾದ, ಲೈಸೆನ್ಸಿಗೆ ದುಡ್ಡು ಕೇಳದ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಹೊತ್ತಿಗೆ ಶುರು ಮಾಡಿದ್ದು. 2012ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಯಿಂದ ಅದು ವಿಂಡೋಸ್ ಸರ್ವರಿನ ಹಾಗೆ ಡೊಮೈನ್ ನಡೆಸಬಲ್ಲದು. ಅಂದರೆ ಮಕ್ಕಳ ಹೆಸರು, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಒಂದೇ ಕಡೆ. ಬೀರುವಿನ ಪಕ್ಕ ಧೂಳು ಹಿಡಿದಿದ್ದ 4 ಜಿಬಿ ರ‍್ಯಾಮಿನ ಹಳೇ ಡೆಸ್ಕ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಅದರ ಮೇಲೆ ಸಾಂಬಾ ಕೂರಿಸಿದೆ. ಅದೇ ನಮ್ಮ ಸರ್ವರ್. ನಮ್ಮಷ್ಟು ಸಣ್ಣ ಲ್ಯಾಬಿಗೆ ಅದು ಬೇಕಾದಷ್ಟಾಯಿತು.

ಸೆಟ್ಟಿಂಗ್ ಹಂಚುವುದು ಗ್ರೂಪ್ ಪಾಲಿಸಿ. ಇದು ವಿಂಡೋಸ್ 2000ದಿಂದಲೂ ಇದೆ. ಓಯು ಎಂದು ಕರೆಯುವ ಗುಂಪುಗಳನ್ನು ಮಾಡಿ, ಒಂದೊಂದು ಗುಂಪಿಗೂ ಬೇರೆ ಬೇರೆ ನಿಯಮ ಕೊಡಬಹುದು. ನಾನು 8, 9, 10ನೇ ತರಗತಿಗೆ ಒಂದೊಂದು, ಶಿಕ್ಷಕರಿಗೆ ಒಂದು ಮಾಡಿದೆ. ಮಕ್ಕಳ ಗುಂಪಿಗೆ ಪೆನ್‌ಡ್ರೈವ್ ಬಂದ್, ಕಂಟ್ರೋಲ್ ಪ್ಯಾನೆಲ್ ಬಂದ್, ಬ್ರೌಸರಿನ ಮೊದಲ ಪುಟ ನಾನು ಹೇಳಿದ್ದೇ. ಶಿಕ್ಷಕರ ಪೆನ್‌ಡ್ರೈವಿಗೆ ತೊಂದರೆ ಇಲ್ಲ. ನಿಜಕ್ಕೂ ಖುಷಿಯಾಗಿದ್ದು ಕನ್ನಡ ಕೀಬೋರ್ಡಿನ ವಿಷಯದಲ್ಲಿ. ಅದಕ್ಕೆ ನೇರವಾದ ಗುಂಡಿ ಸಿಗಲಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಕೀಬೋರ್ಡುಗಳ ಪಟ್ಟಿ ಇರುವ ಜಾಗಕ್ಕೆ ಕನ್ನಡದ ಸಂಕೇತ 0000044ಬಿ ಹೋಗಿ ಕೂರುವ ಹಾಗೆ ಪಾಲಿಸಿ ಬರೆದೆ. ಜೂನ್‌ನಲ್ಲಿ ಮಕ್ಕಳು ಯಾವ ಕಂಪ್ಯೂಟರಿನ ಮುಂದೆ ಕೂತರೂ ಕನ್ನಡ ಇತ್ತು. ಇದೊಂದಕ್ಕೇ ನಾನು ಇಡೀ ವ್ಯವಸ್ಥೆಗೆ ಮಾರ್ಕು ಕೊಡುತ್ತೇನೆ.

ಆದರೆ ಒಂದು ಮಾತು ಮೊದಲೇ ತಿಳಿದಿರಬೇಕು. ವಿಂಡೋಸಿನ ಹೋಮ್ ಆವೃತ್ತಿ ಡೊಮೈನ್ ಸೇರುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಐದು ಕಂಪ್ಯೂಟರ್ ಹೋಮ್ ಆಗಿದ್ದವು. ಪಾಲಕರ ಸಭೆಯಲ್ಲಿ ಕೇಳಿ, ದುಡ್ಡು ಹೊಂದಿಸಿ ಪ್ರೊ ಆವೃತ್ತಿ ಮಾಡಿಸಬೇಕಾಯಿತು. ಪಾಲಿಸಿ ಬರೆಯುವ ಸಲಕರಣೆಯೂ ಹೋಮ್ ಮೇಲೆ ಬರುವುದಿಲ್ಲ. ನನ್ನ ಸ್ವಂತ ಲ್ಯಾಪ್‌ಟಾಪ್ ಹೋಮ್, ಹಾಗಾಗಿ ಈಗಲೂ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲೇ ಆ ಕೆಲಸ. ಸಾಂಬಾ ಪುಕ್ಕಟೆಯಾದರೂ ಪೂರ್ತಿ ಲ್ಯಾಬ್ ಪುಕ್ಕಟೆ ಆಗುವುದಿಲ್ಲ.

ಇನ್ನು ಮೊದಲ ವರ್ಷದ ಜುಲೈ. ಜೋರು ಮಳೆ, ಅರ್ಧ ಮಕ್ಕಳು ಒದ್ದೆಯಾಗಿ ಬಂದಿದ್ದಾರೆ. ಒಂಬತ್ತನೇ ತರಗತಿಯ ಹುಡುಗಿ ಕೈ ಎತ್ತಿದಳು. “ಅಕ್ಕೋರೇ, ಪಾಸ್‌ವರ್ಡ್ ಬದಲು ಮಾಡು ಅಂತಿದೆ.” ಪಕ್ಕದವನದ್ದೂ ಹಾಗೇ. ಹದಿನೆಂಟು ಪರದೆಯ ಮೇಲೂ ಅದೇ ಇಂಗ್ಲಿಷ್ ಸಂದೇಶ. ಸಾಂಬಾದಲ್ಲಿ ಪಾಸ್‌ವರ್ಡಿನ ಆಯುಸ್ಸು ಮೊದಲಿಂದಲೇ 42 ದಿನ ಎಂದು ಇರುತ್ತದೆ. ಜೂನ್ ಮೊದಲ ವಾರ ಒಂದೇ ರಾತ್ರಿ ಕೂತು 112 ಖಾತೆ ಮಾಡಿದ್ದೆ. ಎಲ್ಲದರ ಗಡುವೂ ಒಂದೇ ದಿನ ಮುಗಿಯಿತು. ಹೊಸ ಪಾಸ್‌ವರ್ಡ್ ಕೊಡೋಣವೆಂದರೆ ಏಳು ಅಕ್ಷರವಾದರೂ ಬೇಕು, ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಇವುಗಳಲ್ಲಿ ಮೂರು ಬಗೆಯಾದರೂ ಬೆರೆಸಬೇಕು. ಎಂಟನೇ ತರಗತಿಯ ಮಗುವಿಗೆ ಅದು ಹೇಗೆ ನೆನಪಿರುತ್ತದೆ?

ನಾನು ಗ್ರೂಪ್ ಪಾಲಿಸಿಯಲ್ಲೇ ಇದನ್ನು ಬದಲಿಸಿದೆ. ಏನೂ ಆಗಲಿಲ್ಲ. ಪಾಸ್‌ವರ್ಡ್ ನಿಯಮವನ್ನು ಸಾಂಬಾ ಸುಮ್ನೆ ಅಲ್ಲಿಂದ ತೆಗೆದುಕೊಳ್ಳುವುದಿಲ್ಲ, ಸರ್ವರಿನ ಮೇಲೆಯೇ ಸಾಂಬಾ-ಟೂಲ್ ಎಂಬ ಆದೇಶದಿಂದ ಹೇಳಬೇಕು ಎಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಆಯುಸ್ಸನ್ನು ಸೊನ್ನೆ ಮಾಡಿದೆ, ಅಂದರೆ ಗಡುವೇ ಇಲ್ಲ. ಒಂದೇ ಸಾಲು, ಎಲ್ಲರ ಖಾತೆಯೂ ತೆರೆಯಿತು. ನೀವು ಹಾಕುವವರಿದ್ದರೆ ಮೊದಲ ದಿನವೇ ಇದನ್ನು ಮಾಡಿ.

ಎರಡನೇ ತೊಂದರೆ ನಮ್ಮ ಊರಿನ ಕರೆಂಟಿನದು. ಡೊಮೈನಿನ ಲಾಗಿನ್ ಕೆರ್ಬೆರಾಸ್ ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ಸರ್ವರಿನ ಗಡಿಯಾರಕ್ಕೂ ಕಂಪ್ಯೂಟರಿನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ಒಪ್ಪುವುದಿಲ್ಲ. ಹಳೇ ಕಂಪ್ಯೂಟರಿನ ಒಳಗಿನ ಬಟನ್ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಅದರ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಒಂದು ಬೆಳಿಗ್ಗೆ ನಾಲ್ಕು ಕಂಪ್ಯೂಟರ್ ಒಳಗೇ ಬಿಡಲಿಲ್ಲ, ಸಮಯ ಹೊಂದುತ್ತಿಲ್ಲ ಎಂಬ ಸಂದೇಶ. ಪೇಟೆಯ ವಾಚ್ ಅಂಗಡಿಯಲ್ಲಿ ಸಿಆರ್2032 ಸೆಲ್ ತಂದು ಎಲ್ಲದಕ್ಕೂ ಹಾಕಿದೆ. ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಸೆಲ್ ನೋಡುವುದು ರೂಢಿ.

ಸರ್ವರಿಗೆ ಒಂದು ಯುಪಿಎಸ್ ಇರಲೇಬೇಕು. ಸರ್ವರ್ ನಿಂತರೂ, ಕೊನೆಯ ಹತ್ತು ಜನರ ಲಾಗಿನ್ನನ್ನು ಪ್ರತಿ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೇ ಮಕ್ಕಳಿಗೆ ಸಾಧ್ಯವಾದಷ್ಟು ಒಂದೇ ಜಾಗ ಕೊಟ್ಟಿದ್ದೇನೆ.

ನಿಯಮ ಬದಲಿಸಿದರೆ ತಕ್ಷಣ ತಲುಪುವುದಿಲ್ಲ. ಕಂಪ್ಯೂಟರುಗಳು ಸುಮಾರು 90 ನಿಮಿಷಕ್ಕೊಮ್ಮೆ ಕೇಳುತ್ತವೆ, ಅದರ ಮೇಲೆ ಅರ್ಧ ಗಂಟೆವರೆಗೂ ತಡವಾಗಬಹುದು. ಹಾಗಾಗಿ ಬದಲಾವಣೆಯನ್ನು ಹಿಂದಿನ ದಿನ ಸಂಜೆಯೇ ಮಾಡಿ. ತರಗತಿ ನಡುವೆ ಬೇಕೇ ಬೇಕೆಂದರೆ, ಹೊಸ ನಿಯಮ ಕೂಡಲೇ ತರಿಸಿಕೊಳ್ಳುವ ಜಿಪಿಅಪ್‌ಡೇಟ್ ಆದೇಶ ಇದೆ.

ವಾಲ್‌ಪೇಪರನ್ನೂ ಮೊದಲ ವರ್ಷ ಬಿಗಿ ಮಾಡಿದ್ದೆ, ಎಲ್ಲರಿಗೂ ಶಾಲೆಯ ಫೋಟೋ. ಎರಡನೇ ವರ್ಷ ಬಿಟ್ಟುಬಿಟ್ಟೆ. ಮಕ್ಕಳು ಪೇಂಟಿನಲ್ಲಿ ತಾವೇ ಬರೆದ ಚಿತ್ರ ಹಾಕಿಕೊಳ್ಳುತ್ತಾರೆ, ಯಕ್ಷಗಾನದ ಕಿರೀಟ, ಮನೆಯ ಆಕಳು ಕರು. ಅದರಿಂದ ಯಾವ ಪಾಠವೂ ನಿಲ್ಲಲಿಲ್ಲ. ಪಾಠ ಕೆಡಿಸುವುದನ್ನಷ್ಟೇ ತಡೆದರೆ ಸಾಕು ಅಲ್ವಾ?

ಒಂದು ಕೊರಗು ಉಳಿದಿದೆ. ಇದನ್ನೆಲ್ಲ ಕನ್ನಡದಲ್ಲಿ ಹೇಳಿಕೊಡುವ ಕೈಪಿಡಿ ನನಗೆ ಸಿಗಲಿಲ್ಲ. ನಾನು ರಜೆ ಹಾಕಿದರೆ ಲ್ಯಾಬ್ ನೋಡುವವರು ಯಾರು ಎಂದು ಹೆಡ್ ಮಾಸ್ತರು ಕೇಳಿದಾಗ ಉತ್ತರ ಇರಲಿಲ್ಲ. ಈಗ ಒಂದು 200 ಪುಟದ ನೋಟ್‌ಬುಕ್ಕಿನಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಪಾಸ್‌ವರ್ಡ್, ಗಡಿಯಾರ, ಹೊಸ ಮಗುವಿನ ಖಾತೆ, ಇಷ್ಟು ಮುಗಿದಿದೆ. ಕಳೆದ ವಾರ ಗಣಿತದ ಸರ್ ಅದನ್ನು ನೋಡಿಕೊಂಡು, ನನ್ನನ್ನು ಒಂದು ಮಾತೂ ಕೇಳದೆ, ಒಂದು ಖಾತೆ ಮಾಡಿದರು.